ಮನೆಯಲ್ಲೇ ಗುಣವಾಗುವ ಕಾಯಿಲೆ

ಕೆಲಸಗಾರರ ಔಷಧದ ಖರ್ಚನ್ನು ಕಂಪನಿಯೇ ಕೊಡುವಂಥ ಕಡೆ ನೀವು ಕೆಲಸಕ್ಕೆ ಸೇರಿದರೆ ಮೊದಲ ವಾರದಲ್ಲೇ ಒಂದು ಮಾತು ಕಿವಿಗೆ ಬೀಳುತ್ತದೆ: 'ಸಂಶೋಧನೆ ಹೀಗೆ ಹೇಳುತ್ತದೆ.' ಆ ಮಾತಿಗೆ ಕೈ ಮುಗಿಯುವವರನ್ನು ನೋಡಿದ್ದೇನೆ, ಮೂಗು ಮುರಿಯುವವರನ್ನೂ ನೋಡಿದ್ದೇನೆ. ನಾನು ಎರಡನ್ನೂ ಮಾಡಿದವಳು. ಈಗ ನಮ್ಮ ಅಣ್ಣನ ಮೊಮ್ಮಗಳು ಅಂಥದೇ ಒಂದು ಕೆಲಸಕ್ಕೆ ಸೇರಿದ್ದಾಳೆ. "ಅಜ್ಜಿ, ನಿನ್ನ ಕಾಲದಾಗ ಹೆಂಗಿತ್ತು ಹೇಳು" ಎಂದು ಮೊನ್ನೆ ಕೂತಳು. ಬಾಯಲ್ಲಿ ಹೇಳಲು ಹೋದರೆ ನನಗೆ ಸಿಟ್ಟು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ರಾಯಚೂರಿನ ಒಂದು ಹತ್ತಿ ಕಂಪನಿಯಲ್ಲಿ ನರ್ಸ್ ಆಗಿದ್ದೆ. ಎಪ್ಪತ್ತರ ದಶಕದ ಆರಂಭದಲ್ಲಿ ಸೇರಿದವಳು ಎಂಬತ್ತರ ದಶಕ ಮುಗಿಯುವವರೆಗೂ ಅಲ್ಲೇ ಇದ್ದೆ. ಕಂಪನಿಗೆ ಊರಲ್ಲಿ ಗಿರಣಿ, ಮಾನ್ವಿಯಲ್ಲಿ ಮತ್ತು ದೇವದುರ್ಗದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳು ಇದ್ದವು. ಖಾಯಂ ಆದವರಿಗೆ ಕಾಯಿಲೆ ಬಿದ್ದರೆ ಖರ್ಚು ಕಂಪನಿಯದು. ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ತೀರ್ಮಾನಿಸಲು ತಿಂಗಳಿಗೊಮ್ಮೆ ಮೂವರು ಕೂರುತ್ತಿದ್ದೆವು. ಮೇಜಿನ ಈ ಕಡೆ ಮ್ಯಾನೇಜರ್ ಸಾಹೇಬರು, ಆ ಕಡೆ ಕಂಪನಿಯ ಡಾಕ್ಟರ್ ವೆಂಕೋಬರಾಯರು, ಮೂಲೆಯ ಸ್ಟೂಲಿನ ಮೇಲೆ ನಾನು. ಡಾಕ್ಟರರಿಗೆ ಅಂಚೆಯಲ್ಲಿ ವೈದ್ಯಕೀಯ ಪತ್ರಿಕೆಗಳು ಬರುತ್ತಿದ್ದವು. ಅವನ್ನು ಓದಿ, ಪೆನ್ಸಿಲಿನಲ್ಲಿ ಗೆರೆ ಎಳೆದು ತರುತ್ತಿದ್ದರು. ಮ್ಯಾನೇಜರ್ ಸಾಹೇಬರು ಗೆರೆ ಎಳೆದದ್ದನ್ನು ಮಾತ್ರ ಕೇಳುತ್ತಿದ್ದರು.

ನನ್ನ ಊರು ಮಟಮಾರಿ. ನಮ್ಮ ಓಣಿ ಊರ ಹೊರಗೆ. ಆ ಓಣಿಯಿಂದ ನರ್ಸ್ ಟ್ರೇನಿಂಗ್ ಮುಗಿಸಿ ಬಂದ ಮೊದಲ ಹುಡುಗಿ ನಾನೇ ಎಂದು ಅಪ್ಪ ಕಂಡಕಂಡವರ ಮುಂದೆ ಹೇಳುತ್ತಿದ್ದ. ರಾಯಚೂರಿನಲ್ಲಿ ಕೋಣೆ ಹುಡುಕುವಾಗ ಯಾರೂ ಸಂಬಳ ಕೇಳಲಿಲ್ಲ, 'ಯಾವ ಪೈಕಿ?' ಎಂದು ಜಾತಿ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದುದರಿಂದ ಬಹಳ ಬಾಗಿಲು ನೋಡಬೇಕಾಯಿತು. ಕೊನೆಗೆ ರೈಲ್ವೆಯಿಂದ ನಿವೃತ್ತರಾಗಿದ್ದ ಖಾಜಾಸಾಬರು ತಮ್ಮ ಮನೆಯ ಹಿಂದಿನ ಕೋಣೆ ಕೊಟ್ಟರು. ಒಂದು ಮಂಚ, ಒಂದು ಸ್ಟವ್, ಗೋಡೆಗೆ ಬುದ್ಧನ ಪಟ. ಮದುವೆಯ ಮಾತು ಒಂದೆರಡು ಸಲ ಬಂತು. ಕಾಯಿಲೆಯವರ ನಡುವೆ ಓಡಾಡುವವಳು ಬೇಡ ಎಂದರು ಒಬ್ಬರು, ಓದಿದ್ದು ಹೆಚ್ಚಾಯಿತು ಎಂದರು ಇನ್ನೊಬ್ಬರು. ಆಮೇಲೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲು ಬಾಟ್ಲಿಯ ಕತೆ ಹೇಳುತ್ತೇನೆ. ಆಗ ನಮ್ಮ ಕಡೆ ಸ್ವಲ್ಪ ಸುಸ್ತಾದರೂ ಗ್ಲೂಕೋಸ್ ಬಾಟ್ಲಿ ಏರಿಸಿಕೊಳ್ಳಬೇಕು, ಇಲ್ಲವೆಂದರೆ ಅದು ಕಾಯಿಲೆಯೇ ಅಲ್ಲ. ಊಟ ಸೇರುವ ಮನುಷ್ಯನಿಗೆ ಇದರಿಂದ ಏನೂ ಲಾಭವಿಲ್ಲ ಎಂದು ಡಾಕ್ಟರ್ ಓದಿ ಹೇಳಿದರು, ಕಂಪನಿ ಬಾಟ್ಲಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿತು. ಮಾನ್ವಿ ಜಿನ್ನಿನ ತೂಕದ ಗುಮಾಸ್ತ ಬಸಲಿಂಗಪ್ಪ ರಾಯಚೂರಿಗೇ ಬಂದು ನನ್ನ ಮುಂದೆ ಕೂತ.

"ಸಿಸ್ಟರ್, ಬಾಟ್ಲಿ ಏರಸಲಿಲ್ಲ ಅಂದ್ರ ಅದು ಯಾವ ದವಾಖಾನಿರಿ? ನಮ್ಮ ಬೀಗರು ನೋಡಾಕ ಬಂದಾರ. ಬರೇ ಗುಳಿಗಿ ತೊಗೊಂಡು ಮಲಗೀನಿ ಅಂದ್ರ ನಗ್ತಾರ್ರಿ."

"ಹೊಟ್ಟಿ ತುಂಬ ಊಟ ಮಾಡ್ರಿ, ಮೈಯಾಗ ಶಕ್ತಿ ಬರ್ತದ."

"ಊಟ ಮನ್ಯಾಗ ದಿನಾ ಮಾಡ್ತೀನಲ್ರಿ. ಅದಕ್ಕ ಕಂಪನಿ ಯಾಕ ಬೇಕು?"

ಅವನ ಪ್ರಶ್ನೆ ಸರಿಯಾಗೇ ಇತ್ತು. ಆದರೂ ಆ ಸಲ ಕಂಪನಿಯ ಕಡೆಗೇ ನಾನಿದ್ದೆ. ಉಪಯೋಗವಿಲ್ಲದ್ದನ್ನು ನಿಲ್ಲಿಸುವುದೂ ಸಂಶೋಧನೆಯ ಕೆಲಸವೇ.

ಇನ್ನೊಮ್ಮೆ ದೇವದುರ್ಗದ ಜಿನ್ನಿನಲ್ಲಿ ಒಬ್ಬ ಹಮಾಲನಿಗೆ ವಾಂತಿಭೇದಿ. ಉಪ್ಪು ಸಕ್ಕರೆ ಬೆರೆಸಿದ ಕುದಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರೆ ಎಷ್ಟೋ ಜೀವ ಉಳಿಯುತ್ತವೆ ಎಂಬುದು ಆಗಿನ್ನೂ ಹೊಸ ಮಾತು. ಖರ್ಚಿಲ್ಲದ್ದು ಎಂದು ಮ್ಯಾನೇಜರ್ ಸಾಹೇಬರು ಅದನ್ನು ತಕ್ಷಣ ಒಪ್ಪಿದ್ದರು. ನಾನು ಹೋದಾಗ ಅವನ ತಾಯಿ ನೀರಿನ ಚರಗಿಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದಳು. "ನೀರು ಕೊಟ್ರ ಇನ್ನಾ ಜಾಸ್ತಿ ಆಗ್ತದ ಯವ್ವಾ, ಕೊಡಬ್ಯಾಡ" ಎಂದು ನನ್ನ ಕೈ ಹಿಡಿದಳು. ಅವಳನ್ನು ರಮಿಸಿ, ಗದರಿಸಿ, ಚಮಚದಿಂದ ಕುಡಿಸುತ್ತಾ ಕೂತೆ. ಸಂಜೆಯ ಹೊತ್ತಿಗೆ ಅವನು ಎದ್ದು ಕೂತು ರೊಟ್ಟಿ ಕೇಳಿದ. ವಾರವಾದ ಮೇಲೆ ಅದೇ ಮನುಷ್ಯ, ತನಗೆ ಉಪ್ಪುನೀರು ಕುಡಿಸಿ ಕೈ ತೊಳೆದುಕೊಂಡರು ಎಂದು ಕಂಪನಿಗೆ ದೂರು ಕೊಟ್ಟ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಕೋಣೆಗೆ ಬಂದು ಇದನ್ನು ಯಾರಿಗಾದರೂ ಹೇಳಿ ನಗಬೇಕೆನಿಸಿತು. ಯಾರೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಅಗ್ಗವಾದದ್ದು ಎಂದ ಮಾತ್ರಕ್ಕೆ ಅದು ಕಂಪನಿಯ ಕಳ್ಳಾಟ ಎಂದು ತಿಳಿಯಬೇಡಿ. ಮುಂದಿನದ್ದನ್ನು ನಾನೂ ಹಾಗೆ ತಿಳಿಯಲಿಲ್ಲ.

ಹತ್ತಿಯ ಧೂಳಿನ ನಡುವೆ ಕೆಮ್ಮು ಯಾರಿಗೂ ಹೊಸದಲ್ಲ. ಅದರಲ್ಲಿ ಕೆಲವರದು ಕ್ಷಯವಾಗಿರುತ್ತಿತ್ತು. ಮೊದಲು ಅಂಥವರನ್ನು ದೂರದ ಆಸ್ಪತ್ರೆಗೆ ಕಳಿಸುತ್ತಿದ್ದೆವು. ವರ್ಷಗಟ್ಟಲೆ ಅಲ್ಲೇ ಇರಬೇಕು, ಪೂರಾ ಖರ್ಚು ಕಂಪನಿಯದು. ಎಪ್ಪತ್ತರ ದಶಕದ ನಡುವೆ ಒಂದು ದಿನ ಡಾಕ್ಟರ್ ಬಹಳ ಖುಷಿಯಲ್ಲಿ ಬಂದರು. ಮದರಾಸಿನ ಕಡೆ ಹಿಂದೆಯೇ ನಡೆದಿದ್ದ ಸಂಶೋಧನೆಯೊಂದನ್ನು ಓದಿದ್ದರು. ಮನೆಯಲ್ಲಿದ್ದು ಮಾತ್ರೆ ತೆಗೆದುಕೊಂಡವರೂ ಆಸ್ಪತ್ರೆಯಲ್ಲಿದ್ದವರಷ್ಟೇ ಗುಣವಾಗಿದ್ದರು, ಮನೆಯವರಿಗೆ ರೋಗ ಹೆಚ್ಚಾಗಿ ಅಂಟಿರಲೂ ಇಲ್ಲ.

"ಮಂದಿ ಹೆಂಡ್ತಿ ಮಕ್ಕಳ ಜೋಡಿ ಇದ್ದು ಅರಾಮ ಆಗಬಹುದು ನೋಡ್ರಿ ಸಿಸ್ಟರ್" ಎಂದರು. ಅವರ ಖುಷಿ ನಿಜವಾದದ್ದು. ಆಸ್ಪತ್ರೆಯಲ್ಲಿ ಒಬ್ಬೊಬ್ಬರೇ ಬಿದ್ದು ಸಂಕಟಪಡುವವರನ್ನು ಅವರು ಕಂಡಿದ್ದರು.

ಮ್ಯಾನೇಜರ್ ಸಾಹೇಬರ ಖುಷಿಯೂ ನಿಜವಾದದ್ದೇ. "ಬಸ್, ಇನ್ ಮ್ಯಾಲ ಆಸ್ಪತ್ರಿ ಬಂದ್" ಎಂದರು.

"ಪೂರಾ ಕೇಳ್ರಿ ಸಾಹೇಬ್ರ. ಅಲ್ಲಿ ಮನಿ ಮನಿಗೆ ಹೋಗಿ ಗುಳಿಗಿ ನುಂಗ್ಯಾರೋ ಇಲ್ಲೋ ನೋಡ್ತಿದ್ರು. ಹೇಳದೇ ಕೇಳದೇ ಹೋಗ್ತಿದ್ರು. ಹಂಗ ಹೋಗವ್ರು ನಮ್ಮಲ್ಲಿ ಯಾರದಾರ?" ಎಂದರು ಡಾಕ್ಟರ್.

ಇಬ್ಬರೂ ಸ್ಟೂಲಿನ ಕಡೆ ನೋಡಿದರು. ಅಲ್ಲಿ ಅಷ್ಟೊಂದು ಜನ ಮಾಡಿದ ಕೆಲಸಕ್ಕೆ ಇಲ್ಲಿ ನಾನೊಬ್ಬಳು.

ಅಂದಿನಿಂದ ನನ್ನ ಬದುಕು ಬಸ್ಸಿನಲ್ಲಿ ಕಳೆಯಿತು. ಗುಂಜಹಳ್ಳಿ, ಗಬ್ಬೂರು, ಮಾನ್ವಿ, ದೇವದುರ್ಗದ ಆಚೆಯ ಹಳ್ಳಿಗಳು. ಬಿಳಿ ಸೀರೆಯ ಹೆಂಗಸು ಇಳಿದರೆ ಯಾರ ಮನೆಯಲ್ಲಿ ಕ್ಷಯ ಎಂದು ಊರಿಗೆಲ್ಲ ಗೊತ್ತಾಗಿಬಿಡುತ್ತಿತ್ತು. ಹಾಗಾಗಿ ನಾನು ಯಾರ ಮನೆಗೆ ಹೋಗುತ್ತಿದ್ದೆನೋ ಅವರಿಗೇ ನನ್ನ ಮುಖ ಬೇಡವಾಗಿತ್ತು. 'ಟೀಬಿ ಸಿಸ್ಟರ್' ಎಂದು ಹೆಸರು ಬಿತ್ತು. ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುತ್ತಿದ್ದರು. ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಉಣ್ಣುವಾಗ ಎದುರಿಗೆ ಮಾತಾಡಲು ಒಂದು ಜೀವ ಇರುತ್ತಿರಲಿಲ್ಲ. ಎಷ್ಟೋ ಜನ ಗುಣವಾದರು, ಅದು ಸಂತೋಷದ ವಿಷಯ. ಆದರೆ ಗುಣವಾದವರು ನನ್ನನ್ನು ದಾರಿಯಲ್ಲಿ ಕಂಡರೆ ಗುರುತು ಹಿಡಿಯುತ್ತಿರಲಿಲ್ಲ. ಅದು ಅವರ ತಪ್ಪೂ ಅಲ್ಲ. ಆ ಕಾಯಿಲೆ ಬಂದಿತ್ತೆಂದು ಯಾರು ತೋರಿಸಿಕೊಳ್ಳುತ್ತಾರೆ?

ಎಂಬತ್ತರ ದಶಕದಲ್ಲಿ ಹೊಸ ಔಷಧ ಬಂತು. ದುಬಾರಿ, ಆದರೆ ಒಂದೂವರೆ ವರ್ಷದ ಚಿಕಿತ್ಸೆ ಆರು ತಿಂಗಳಿಗೆ ಇಳಿಯುತ್ತಿತ್ತು. ಕಂಪನಿ ಒಂದು ಷರತ್ತು ಹಾಕಿ ಒಪ್ಪಿತು. ದಿನ ತಪ್ಪದೆ ನುಂಗುವವರಿಗೆ ಮಾತ್ರ ಕೊಡುವುದು, ನಡುವೆ ಬಿಟ್ಟವರಿಗೆ ನಿಲ್ಲಿಸುವುದು. ನುಂಗಿದ್ದಾರೋ ಇಲ್ಲವೋ ತಿಳಿಯುವುದು ಸುಲಭವಿತ್ತು. ಆ ಔಷಧ ತೆಗೆದುಕೊಂಡವರ ಮೂತ್ರ ಕೆಂಪಾಗುತ್ತದೆ. ಹೇಳದೆ ಹೋಗಿ ನೋಡುವುದು ನನ್ನ ಕೆಲಸ.

ಗಬ್ಬೂರಿನ ಮಲ್ಲಮ್ಮ ದೇವದುರ್ಗದ ಜಿನ್ನಿನಲ್ಲಿ ಹತ್ತಿ ಹಸನು ಮಾಡುವವಳು. ಗಂಡ ಲಾರಿಯ ಹಿಂದೆ ಹಮಾಲಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಹನುಮವ್ವನದೇ ಮಾತು. ಮಲ್ಲಮ್ಮನಿಗೆ ಕ್ಷಯವೆಂದು ತಿಳಿದ ದಿನವೇ ಹನುಮವ್ವ ಅವಳನ್ನು ಹಿತ್ತಲಿನ ಜೋಳದ ದಂಟಿನ ಗುಡಿಸಲಿಗೆ ಹಾಕಿದ್ದಳು. ನಾಗಿ ಎಂಬ ಪುಟ್ಟ ಮಗಳನ್ನು ಒಳಗೆ ಇಟ್ಟುಕೊಂಡಿದ್ದಳು. ಮನೆಯ ಚಿಕಿತ್ಸೆ ಎಂದು ನಾವು ಮೇಜಿನ ಮೇಲೆ ತೀರ್ಮಾನಿಸಿದ್ದು ಅಲ್ಲಿ ಹೀಗಿತ್ತು.

ಮೊದಲ ಸಲ ಹೋದಾಗ ಹನುಮವ್ವ ಕೇಳಿದಳು: "ಯಾವೂರವ್ವಾ ನಿಮ್ದು?"

"ಮಟಮಾರಿ."

"ಮಟಮಾರ್ಯಾಗ ಯಾವ ಓಣಿ?"

ಹೇಳಿದೆ. ಅಂದಿನಿಂದ ನನ್ನ ಜಾಗ ಕಟ್ಟೆಯ ಕೆಳಗೆ. ಹಿತ್ತಲಿಗೆ ಮನೆಯ ಪಕ್ಕದ ಸಂದಿಯಲ್ಲಿ ಹೋಗಬೇಕು. ಔಷಧ ಶುರುವಾದ ಸ್ವಲ್ಪ ದಿನಕ್ಕೆ ರೋಗ ಅಂಟುವುದು ಕಡಿಮೆಯಾಗುತ್ತದೆ, ಮಗುವನ್ನು ತಾಯಿಯ ಹತ್ತಿರ ಬಿಡಿ ಎಂದು ಕಟ್ಟೆಯ ಕೆಳಗಿನಿಂದ ಎಷ್ಟು ಹೇಳಿದರೂ ಹನುಮವ್ವ ಕೇಳಿಸಿಕೊಂಡವಳಲ್ಲ. "ಪೂರಾ ಅರಾಮ ಆಗಲಿ, ಆಮ್ಯಾಲ ನೋಡೋಣ" ಎನ್ನುವಳು. ಮಲ್ಲಮ್ಮ ಗುಡಿಸಲಿನ ದಂಟು ಸರಿಸಿ, ಅಂಗಳದಲ್ಲಿ ಆಡುವ ಮಗಳನ್ನು ನೋಡುತ್ತಿದ್ದಳು. ಗುಣವಾದರೆ ಮಗಳು, ಇಲ್ಲವಾದರೆ ಇಲ್ಲ.

ಚಳಿಗಾಲವೆಲ್ಲ ಸರಿಯಾಗಿ ನುಂಗಿದಳು. ಬೇಸಿಗೆಯ ನಡುವೆ ಹೋದಾಗ ಮೂತ್ರದಲ್ಲಿ ಕೆಂಪು ಇರಲಿಲ್ಲ.

"ಗುಳಿಗಿ ಬಿಟ್ಟೀಯೇನು ಮಲ್ಲಮ್ಮ?"

ಅವಳು ಅಡಗಿಸಲಿಲ್ಲ. ಗುಡಿಸಲಿನ ಮೂಲೆಯ ಡಬ್ಬಿ ತೆರೆದು ತೋರಿಸಿದಳು. ಮಾತ್ರೆಗಳೆಲ್ಲ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿದ್ದವು. "ಒಂದೂ ಹಾಳ ಮಾಡಿಲ್ರಿ ಅಕ್ಕಾರ. ಮಳಿ ಬಿದ್ದ ಮ್ಯಾಲ ತೊಗೊಳ್ತೀನಿ. ಈಗ ತೊಗೊಂಡ್ರ ಉಷ್ಣ ಆಗ್ತದಲ್ರಿ. ಕೆಂಪಗ ಹೋಗಾಕತ್ತಿತ್ತು."

"ಕೆಂಪಗ ಹೋಗೋದು ಗುಳಿಗಿ ಬಣ್ಣ ಅಂತ ಹೇಳಿದ್ನಲ್ಲಾ."

"ಹೇಳಿದ್ರಿ. ಅದು ಚಳಿಗಾಲದಾಗ. ಚಳಿಗಾಲದ ಕೆಂಪು ಬ್ಯಾರಿ, ಬ್ಯಾಸಗಿ ಕೆಂಪು ಬ್ಯಾರಿರಿ."

ಅಂಥ ಬಿಸಿಲಿನಲ್ಲಿ, ಆ ದಂಟಿನ ಗುಡಿಸಲಿನಲ್ಲಿ ಕೂತು ಕೇಳಿದರೆ ಆ ಮಾತು ತಪ್ಪೆನಿಸುತ್ತಿರಲಿಲ್ಲ. ನಮ್ಮ ಅವ್ವನೂ ಬೇಸಿಗೆಯಲ್ಲಿ ಯಾವ ಮಾತ್ರೆಯನ್ನೂ ಮುಟ್ಟುತ್ತಿರಲಿಲ್ಲ. ಉಷ್ಣವೆಂದರೆ ಸೀಮೆಗೆಲ್ಲ ಭಯ.

ಆ ತಿಂಗಳ ಸಭೆಯಲ್ಲಿ ಮ್ಯಾನೇಜರ್ ಸಾಹೇಬರ ಮಾತು ಎರಡೇ. "ನಡುವ ಬಿಟ್ಟವ್ರಿಗೆ ಔಷಧ ಹತ್ತಂಗಿಲ್ಲ ಅಂತ ನೀವ ಓದಿ ಹೇಳೀರಿ ಡಾಕ್ಟ್ರ. ಹಂಗಿದ್ರ ಮತ್ತ ಯಾಕ ಕೊಡಬೇಕು?"

"ಆಕಿ ಗುಳಿಗಿ ಮಾರಿಕೊಂಡಿಲ್ರಿ, ಉಷ್ಣಕ್ಕ ಅಂಜ್ಯಾಳ" ಎಂದೆ.

ಡಾಕ್ಟರ್ ಬಹಳ ಹೊತ್ತು ಕನ್ನಡಕ ಒರೆಸಿದರು. "ಉಷ್ಣದ ವಿಚಾರ ಇದರಾಗ ಯಾರೂ ಬರದಿಲ್ಲ ಸಿಸ್ಟರ್. ಮದರಾಸಿನಾಗೂ ಬಿಸಲು ಅದ. ಕಫ ಪರೀಕ್ಷೆ ಮಾಡಸೋಣ. ಔಷಧ ಇನ್ನೂ ಹತ್ತತದ ಅಂದ್ರ ಮೊದಲಿಂದ ಶುರು ಮಾಡಬಹುದು. ಆದರ ಯಾರರ ಎದುರಿಗೆ ನಿಂತು ದಿನಾ ನುಂಗಸಬೇಕು."

"ಹಂಗಾದ್ರ ಆಸ್ಪತ್ರಿಗೆ ಸೇರಸ್ರಿ" ಎಂದೆ.

"ಮನ್ಯಾಗ ಆಗೋದಕ್ಕ ಆಸ್ಪತ್ರಿ ಯಾಕ್ರಿ? ಅದನ್ನ ನಾವು ಎಂದೋ ಬಂದ್ ಮಾಡೀವಿ" ಎಂದರು ಮ್ಯಾನೇಜರ್ ಸಾಹೇಬರು. ಕೆಟ್ಟ ಮನುಷ್ಯರಲ್ಲ. ಒಬ್ಬರಿಗೆ ಬಾಗಿಲು ತೆಗೆದರೆ ಎಲ್ಲರಿಗೂ ತೆಗೆಯಬೇಕಾಗುತ್ತದೆ ಎಂದು ಹೆದರುವವರು.

"ನನ್ನ ಮನ್ಯಾಗ ಇಟಗೊಂಡು ನುಂಗಸ್ತೀನಿ" ಎಂದುಬಿಟ್ಟೆ. ಕರುಣೆಯಿಂದ ಹೇಳಿದೆನೋ, ಸಿಟ್ಟಿನಿಂದ ಹೇಳಿದೆನೋ, ಆ ಕೋಣೆಯಲ್ಲಿ ಇನ್ನೊಂದು ಉಸಿರು ಬೇಕಾಗಿತ್ತೋ, ಇವತ್ತಿಗೂ ತಿಳಿಯದು. ಪರೀಕ್ಷೆಯಲ್ಲಿ ಔಷಧ ಇನ್ನೂ ಕೆಲಸ ಮಾಡುತ್ತದೆಂದು ತಿಳಿಯಿತು. ಕಂಪನಿ ಒಪ್ಪಿತು. ಹನುಮವ್ವನಿಗೆ, ಸೊಸೆಯನ್ನು ರಾಯಚೂರಿಗೆ ಕರೆದೊಯ್ದು ಔಷಧ ಮಾಡಿಸುತ್ತೇನೆ ಎಂದೆ. ಆಸ್ಪತ್ರೆಗೆ ಎಂದು ಅವಳು ತಿಳಿದುಕೊಂಡಳು.

ಮಲ್ಲಮ್ಮ ಬಂದ ಮೊದಲ ದಿನ ಗೋಡೆಯ ಪಟ ನೋಡಿದಳು, ನನ್ನನ್ನು ನೋಡಿದಳು. ಊಟಕ್ಕೆ ಬಡಿಸಿದರೆ ಬಾಗಿಲ ಹತ್ತಿರ ಸರಿದು ಕೂತಳು. "ಯಾಕ, ನನ್ನ ಕೈಯಾಗಿಂದು ಉಣ್ಣಂಗಿಲ್ಲೇನು?" ಎಂದು ಬಿರುಸಾಗಿಯೇ ಕೇಳಿದೆ.

ಅವಳು ಗಾಬರಿಯಾದಳು. "ಇಲ್ರಿ ಅಕ್ಕಾರ, ನನಗ ಕೆಮ್ಮು ಅದಲ್ರಿ. ನಿಮಗ ಹತ್ತಬಾರದಂತ."

ನಾನು ಜಾತಿಯನ್ನು ನೆನೆದಿದ್ದೆ, ಅವಳು ಕೆಮ್ಮನ್ನು. ಇಬ್ಬರಿಗೂ ನಗು ಬಂತು. ಕೆಮ್ಮು ಕಡಿಮೆಯಾದ ಮೇಲೆ ಒಂದೇ ತಟ್ಟೆಯಲ್ಲಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಉಣ್ಣುತ್ತಿದ್ದೆವು.

ಬೆಳಿಗ್ಗೆ ಎದ್ದ ಕೂಡಲೇ ಎದುರಿಗೆ ನಿಂತು ಮಾತ್ರೆ ನುಂಗಿಸುವುದು. ಬಿಸಿಲು ಜೋರಾದ ದಿನ ಅವಳ ಕಣ್ಣಲ್ಲಿ ಭಯ ಕಾಣುತ್ತಿತ್ತು. ಮಜ್ಜಿಗೆ ಮಾಡಿ ಕೊಡುತ್ತಿದ್ದೆ. ಮಜ್ಜಿಗೆಯಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತು, ಭಯ ಇಳಿಯುತ್ತದೆಂದೂ ಗೊತ್ತು. ಸಂಜೆ ನಾನು ಬರುವ ಹೊತ್ತಿಗೆ ಅವಳು ಕೋಣೆ ಗುಡಿಸಿ, ಖಾಜಾಸಾಬರ ಹೆಂಡತಿಯ ಜೊತೆ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದಳು. "ಇವತ್ತು ಯಾವೂರಿಗೆ ಹೋಗಿದ್ರಿ?" ಎಂದು ಕೇಳುತ್ತಿದ್ದಳು. ಆ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ದೇವದುರ್ಗದ ಉಪ್ಪುನೀರಿನ ಹಮಾಲನ ಕತೆಯನ್ನು ಅವಳಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ರಾತ್ರಿ ಮಾತ್ರ ನಾಗಿಯ ಮಾತೇ. "ನನ್ನ ಗುರ್ತು ಹಿಡೀತಾಳೇನ್ರಿ?" ಎನ್ನುವಳು. ನಾನು ಹಿಡೀತಾಳೆ ಎನ್ನುವೆ. ನನ್ನ ಬದುಕಿನಲ್ಲಿ ಆ ಆರು ತಿಂಗಳೇ ಮನೆಯಂತಿದ್ದ ಕಾಲ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಅವಳು ಗುಣವಾದಳು. ಡಾಕ್ಟರ್ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಮಗುವಿನಂತೆ ನಕ್ಕರು. ಸಭೆಯಲ್ಲಿ ಮ್ಯಾನೇಜರ್ ಸಾಹೇಬರು, "ನೋಡ್ರಿ, ಬಿಟ್ಟು ಹಿಡಿದ ರೋಗಿನೂ ಮನ್ಯಾಗ ಅರಾಮ ಆದಳು. ಸಂಶೋಧನೆ ಖರೇ ಅದ. ಇನ್ನ ಸಿಸ್ಟರ್ ಊರೂರು ತಿರಗೋದೂ ಬ್ಯಾಡ" ಎಂದರು.

"ಆಕಿ ಮನ್ಯಾಗ ಅಲ್ರಿ, ನನ್ನ ಮನ್ಯಾಗ" ಎಂದೆ.

"ಮನಿ ಅಂದ್ರ ಮನಿನ ಅಲ್ರಿ" ಎಂದು ಅವರು ಮುಂದಿನ ವಿಷಯಕ್ಕೆ ಹೋದರು. ಡಾಕ್ಟರ್ ನನ್ನ ಕಡೆ ನೋಡಿ, ಪತ್ರಿಕೆ ಮಡಚಿಟ್ಟರು. ನಮ್ಮ ಕಂಪನಿಯಲ್ಲಿ ಕ್ಷಯರೋಗಿಗಳ ಮನೆಭೇಟಿ ನಿಂತುಹೋದದ್ದು ಹೀಗೆ. ನೀವು ಆ ಕೆಲಸಕ್ಕೆ ಹೋದಾಗ ಯಾರಾದರೂ 'ಮನೆಯಲ್ಲೇ ಸಾಕು' ಎಂದು ಓದಿ ಹೇಳಿದರೆ, ಆ ಮನೆಯಲ್ಲಿ ಯಾರಿದ್ದಾರೆ ಎಂದು ಒಂದು ಮಾತು ಕೇಳಿ. ಕೇಳಿದ್ದಕ್ಕೆ ಮೆಚ್ಚುಗೆ ಸಿಗುವುದಿಲ್ಲ, ಆದರೂ ಕೇಳಿ.

ಮಲ್ಲಮ್ಮನನ್ನು ಊರಿಗೆ ಬಿಡಲು ನಾನೇ ಹೋದೆ. ಗಬ್ಬೂರು ಹತ್ತಿರ ಬಂದಾಗ ಅವಳು ನನ್ನ ಕೈ ಹಿಡಿದಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗ ಇದ್ದೆ ಅಂತ ಅತ್ತಿ ಮುಂದ ಹೇಳಬ್ಯಾಡ್ರಿ. ದವಾಖಾನ್ಯಾಗ ಇದ್ದೆ ಅಂತ ಹೇಳ್ರಿ. ನಿಮ್ಮ ಕೈಯಾಗಿನ ರೊಟ್ಟಿ ಉಂಡೀನಿ ಅಂತ ಗೊತ್ತಾದ್ರ ಒಳಗ ಕರಕೊಳ್ಳಂಗಿಲ್ರಿ. ನಾಗಿನ್ನ ಕೊಡಂಗಿಲ್ರಿ."

ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಸಿಟ್ಟು ಬಂದಿತ್ತು. ಅವಳ ಮೇಲೆ ಬರಲಿಲ್ಲ, ಯಾರ ಮೇಲೆ ಎಂದೂ ತಿಳಿಯಲಿಲ್ಲ. ಅವಳು ಕೈ ಬಿಟ್ಟಿರಲಿಲ್ಲ. "ಆಗಲಿ" ಎಂದೆ.

ಹನುಮವ್ವ ಕಟ್ಟೆಯ ಮೇಲೆ ನಿಂತು ಸೊಸೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಮೈ ತುಂಬಿಕೊಂಡಿತ್ತು, ಉಸಿರು ಸಲೀಸಾಗಿತ್ತು.

"ದವಾಖಾನ್ಯಾಗ ಚೊಲೊ ನೋಡಿಕೊಂಡಾರೇನವ್ವಾ?" ಎಂದು ನನ್ನನ್ನು ಕೇಳಿದಳು.

"ಚೊಲೊ ನೋಡಿಕೊಂಡಾರವ್ವಾ" ಎಂದೆ. "ಪೂರಾ ಅರಾಮ ಆಗ್ಯಾಳ. ಇನ್ನ ಯಾರಿಗೂ ಹತ್ತಂಗಿಲ್ಲ."

ನಾಗಿ ಅಜ್ಜಿಯ ಸೀರೆಯ ಹಿಂದಿನಿಂದ ಇಣುಕಿದಳು. ಮಲ್ಲಮ್ಮ ಕಟ್ಟೆಯ ಮೇಲೆ ಕೂತು ಕೈ ಚಾಚಿದಳು. ಮಗು ಅಜ್ಜಿಯ ಮುಖ ನೋಡಿತು. ಹನುಮವ್ವ, "ಹೋಗು, ನಿಮ್ಮವ್ವ" ಎಂದಳು. ಮಗು ಹೋಗಿ ತಾಯಿಯ ಮಡಿಲಲ್ಲಿ ಮೊದಲು ಬಿಗುವಾಗಿ ಕೂತು, ಆಮೇಲೆ ಅವಳ ಕೊರಳಿಗೆ ಮುಖ ಹಚ್ಚಿತು. ಮಲ್ಲಮ್ಮ ಅಳಲಿಲ್ಲ. ನನಗೆ ತಡೆಯಲಾಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡೆ. ಅಷ್ಟು ಸಂತೋಷ ಆ ಕೆಲಸದಲ್ಲಿ ನನಗೆ ಮತ್ತೆಂದೂ ಆಗಲಿಲ್ಲ.

"ಬಿಸಲಾಗ ಬಂದಾರ, ಸಿಸ್ಟರಗ ನೀರು ಕೊಡು" ಎಂದಳು ಹನುಮವ್ವ.

ಮಲ್ಲಮ್ಮ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಒಳಗೆ ಹೋಗಿ ಚರಗಿ ತಂದಳು. ನಾನು ನಮ್ಮ ಕೋಣೆಯ ಅಭ್ಯಾಸದಂತೆ ಚರಗಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. ಅತ್ತೆಯನ್ನೊಮ್ಮೆ ನೋಡಿ, ನನ್ನನ್ನು ನೋಡಿದಳು. ಆಗ ನನಗೆ ತಿಳಿಯಿತು. ಕಟ್ಟೆಯ ಕೆಳಗೆ ಬಗ್ಗಿ ಬೊಗಸೆ ಹಿಡಿದೆ. ಅವಳು ಮೇಲಿನಿಂದ ಎತ್ತಿ ಹೊಯ್ದಳು. ನೀರು ತಣ್ಣಗಿತ್ತು, ಅರ್ಧ ಮಣ್ಣಿಗೆ ಬಿತ್ತು. ನಾನು ತಲೆ ಎತ್ತದೆ ಕುಡಿದೆ.

"ಸಾಕೇನ್ರಿ ಸಿಸ್ಟರ್?" ಎಂದು ಕೇಳಿದಳು.

ಸಾಕು ಎಂದೆ.